ಎರಡು ಗೆಣ್ಣು

ಉಗುರು ಕತ್ತರಿಸಿಕೊಂಡು ಬಾ ಅಂದಿದ್ದೆ, ಬಂದಿದ್ದಾಳೆ.
ಬಳೆ ಬಿಚ್ಚಿ ಕಿಟಕಿಯ ಕಲ್ಲಿನ ಮೇಲಿಟ್ಟಳು,
ವಾಚು ಎಲ್ಲಿಡಬೇಕೋ ತಿಳಿಯದೆ
ಪೀರಾನ್ ಸಾಬರ ಜೇಬಿಗೆ ಹಾಕಿದಳು.
ಭಾಗ್ಯವಂತಿ, ಅಫಜಲಪುರದವಳು, ಕೊನೆಯ ವರ್ಷ.
ಹಾಸನದ ಕಾಲೇಜಿನಿಂದ ಅರಸೀಕೆರೆಗೆ
ಆರು ವಾರಕ್ಕೆಂದು ಬಂದ ಐವರಲ್ಲಿ ಒಬ್ಬಳು.
ಉಳಿದ ನಾಲ್ವರು ಟಾರ್ಚು ಹಿಡಿದಿದ್ದಾರೆ,
ಒಬ್ಬ ತನ್ನ ಕಾಲಿಗೇ ಹಿಡಿದಿದ್ದಾನೆ.

ಈ ಗೋಡೆ ಸಾಹೇಬರ ಕುದುರೆಗಳ ಕಾಲದ್ದು.
ಸಾಲಾಗಿ ಹೂತ ಕಬ್ಬಿಣದ ಬಳೆಗಳಲ್ಲಿ
ಹಗ್ಗದಷ್ಟೇ ಅಗಲದ ಸವಕಲು.
ನೂರಾ ಹನ್ನೆರಡು ವರ್ಷದ ಎಳೆದಾಟ.
ಗೆದ್ದಲು ತಿಂದು ಮಿಕ್ಕಿದ ದಾಖಲೆ ಪುಸ್ತಕವೂ ಇದೆ:
ಬೂದು ಕುದುರೆ, ಹೆಸರು ಡಚೆಸ್, ಹೊಟ್ಟೆಶೂಲೆ, ಗುಣ.
ಕೆಂಪೆತ್ತು, ರೈತನದು, ದೊಡ್ಡರೋಗ, ಸತ್ತಿತು.
ಕೆಂಪೆತ್ತು, ರೈತನದು, ಸತ್ತಿತು.
ಮಾಸಲೆತ್ತು, ಸದರಿ, ಸದರಿ.
ಮುಂದಿನ ಎರಡು ಪುಟ ಬರೀ ಅಡ್ಡಗೆರೆ.
ಯಾರ ಕೈ ಸೋತಿತ್ತೋ.

ಇವತ್ತು ಬಂದದ್ದು ತಿಮ್ಮಾಜಮ್ಮನ ಕಡಸು, ಚೊಚ್ಚಲು.
ನಿನ್ನೆ ಸಂಜೆಯಿಂದ ತಿಣುಕಿ ತಿಣುಕಿ
ಟಾಟಾ ಏಸಿನಲ್ಲಿ ನಿಂತೇ ಬಂದಿದೆ.
ಪೀರಾನ್ ಸಾಬರು ಹಗ್ಗ ಬಳಸಿ ಒಮ್ಮೆ ಜಗ್ಗಿದರು,
ಬಲಮಗ್ಗುಲಿಗೆ ಕೂಸಿನಂತೆ ಮಲಗಿತು.
ಅವರ ತಾತ ಇಲ್ಲೇ ಲಾಳ ಹೊಡೆಯುತ್ತಿದ್ದವರು,
ಸಂಬಳದ ಪಟ್ಟಿಯಲ್ಲಿ ಬರೀ ಹೆಬ್ಬೆಟ್ಟು.
ಗಂಟು ಹಾಕಿದ್ದನ್ನು ವೀಡಿಯೊ ಮಾಡಹೊರಟವನಿಗೆ
"ಮೊಬೈಲು ಒಳಗಿಡಿ ಸಾರ್, ಹಗ್ಗ ಹಿಡೀರಿ" ಅಂದರು.

ಸೋಪಿನ ನೀರು, ಭುಜದವರೆಗೆ.
ಕಣ್ಣು ಮುಚ್ಚು ಭಾಗ್ಯ, ಒಳಗೆ ಕಣ್ಣಿಗೆ ಕೆಲಸವಿಲ್ಲ.
ನೋವು ಬಂದಾಗ ನುಗ್ಗಬೇಡ, ಹಿಂಡಲಿ, ಸುಮ್ಮನಿರು.
ಬಿಟ್ಟಿತಾ? ಈಗ ಹೋಗು.
ಏನು ಸಿಕ್ಕಿತು?
ಕಾಲು ಮೇಡಂ.
ಯಾವ ಕಾಲು?
ಹೊರಗೆ ಗೂಡ್ಸು ಗಾಡಿ
ಉದ್ದಕ್ಕೂ ಹಾದು ಮುಗಿಯುವ ತನಕ ಅವಳು ಮಾತಾಡಲಿಲ್ಲ.

ಗೊರಸಿನಿಂದ ಮೇಲಕ್ಕೆ ಬಾ, ಮೊದಲ ಗೆಣ್ಣು ಮಡಿಸು.
ಆಮೇಲಿನದು.
ಎರಡೂ ಒಂದೇ ಕಡೆ ಬಾಗಿದರೆ ಮುಂಗಾಲು,
ಒಂದಕ್ಕೊಂದು ಮುನಿಸಿಕೊಂಡರೆ ಹಿಂಗಾಲು.
ನನಗಿದನ್ನು ಕಲಿಸಿದ್ದು ಪ್ರೊಫೆಸರಲ್ಲ,
ಇದೇ ಪೀರಾನ್ ಸಾಬರು, ಇದೇ ನೆಲದ ಮೇಲೆ,
ಬೀಡಿ ಆರಿಸಿ, ತಮ್ಮ ಮಣಿಕಟ್ಟು ಮಡಿಸಿ ತೋರಿಸುತ್ತ.

"ಮುನಿಸಿಕೊಂಡಾವ್ರೀ" ಅಂದಳು. ಊರ ಮಾತು ಬಾಯಿಗೆ ಬಂದಿತ್ತು.
ಹಾಗಾದರೆ ಬಾಲ ಹುಡುಕು.
ಸಿಕ್ಕಿತಾ? ಸರಿ. ಗೊರಸಿನ ಸಂದು ಚಿವುಟು, ಜೋರಾಗಿ.
ಕಾಲು ಎಳೆದುಕೊಂಡಿತಾ?

ಕಣ್ಣು ತೆರೆದು ನನ್ನನ್ನೇ ನೋಡಿದಳು.
ಪಾಠದ ಈ ಒಂದು ಜಾಗದಲ್ಲಿ
ಇಪ್ಪತ್ತು ವರ್ಷದಿಂದ ನನ್ನ ಹತ್ತಿರವೂ ಮಾತಿಲ್ಲ.
ಇನ್ನೊಮ್ಮೆ ಚಿವುಟು ಅಂದೆ.
ಅವಳು ಚಿವುಟಿದಳು.

ಐವರೂ ಸೇರಿ ಎಳೆದರು, ನೋವಿಗೆ ಮಾತ್ರ, ನೋವಿಗೆ ಮಾತ್ರ.
ಹೋರಿಗರು. ಎಲ್ಲ ಮುಗಿದಿತ್ತು ಅದರಲ್ಲಿ,
ಕಣ್ರೆಪ್ಪೆ ಕೂಡ.
ಟಾರ್ಚಿನ ಹುಡುಗ ಗೋಣಿ ಮುಚ್ಚಹೋದ.
"ಮುಚ್ಚಬ್ಯಾಡ ಕಣಪ್ಪ," ತಿಮ್ಮಾಜಮ್ಮ ತಡೆದಳು,
"ಅದರ ಮುಂದಕ್ಕೆ ಹಾಕು, ನೆಕ್ಕಲಿ.
ಮೈ ಹಗುರಾಯ್ತದೆ, ಹಾಲೂ ಇಳೀತದೆ."
ಇದನ್ನು ನಾನೇ ಹೇಳಬೇಕಿತ್ತು.

ಕೇಸ್ ಶೀಟು ಬರೆಯಲು ಕೂತಳು ಭಾಗ್ಯವಂತಿ.
ತಳಿ, ಬಣ್ಣ, ವಯಸ್ಸು, ಕಿವಿಯೋಲೆಯ ಹನ್ನೆರಡು ಅಂಕಿ.
"ಅದರ ಹೆಸರು ಹಾಕ್ದಾ ಮಗಾ?"
"ಏನ್ರೀ ಹೆಸರು?"
"ತುಂಬೆ."
ಅದಕ್ಕೆ ಮನೆಯಿರಲಿಲ್ಲ ಹಾಳೆಯಲ್ಲಿ.
ಅಂಚಿನ ಹೊರಗೆ, ಕನ್ನಡದಲ್ಲಿ, ಕೊಂಚ ಸೊಟ್ಟಗೆ ಬರೆದಳು.
ತಿದ್ದಲಿಲ್ಲ ನಾನು.

ತುಂಬೆ ನೆಕ್ಕುತ್ತಲೇ ಇತ್ತು.
ಕುದುರೆ ತೊಟ್ಟಿಯ ಹತ್ತಿರ ಒಬ್ಬ ಹುಡುಗ
ಮೊಣಕೈ ಮಡಿಸಿ, ಮಣಿಕಟ್ಟು ಮಡಿಸಿ ನೋಡಿಕೊಳ್ಳುತ್ತಿದ್ದ.
ಪೀರಾನ್ ಸಾಬರು ವಾಚು ಕೊಟ್ಟರು, ಐದೂ ಹತ್ತು.
ಅವಳು ಕಿಟಕಿಯ ಬಳೆ ತೆಗೆದುಕೊಂಡಳು.
ಕೈ ಬಾತಿತ್ತು, ಹತ್ತಲಿಲ್ಲ.